ಎಂಬತ್ತು ಮೈಕ್ರಾನ್

ಕಪನೂರ ಇಂಡಸ್ಟ್ರಿಯಲ್ ಏರಿಯಾದಾಗ
ನಮ್ಮ ಪ್ರೆಸ್ಸಿನ ತಗಡಿನ ಕೆಳಗ
ಮೇ ತಿಂಗಳಿಗಿ ಲೇಬಲ್ಲಿನ ಅಂಟೂ ಬೆವರ್ತದ.
ರೀಲಿನ ಅಂಚಿಗಿ ಬೆರಳಿಟ್ರ ಬಿಡಂಗಿಲ್ಲ,
ಸಂತ್ಯಾಗ ಕೈ ಹಿಡಿದ ಕೂಸಿನಂಗ.

ಅಂಥಾ ಮಧ್ಯಾಹ್ನ ಬಂದ್ಳು ಸುಗಲಾಬಾಯಿ,
ಸ್ಟೀಲ್ ಡಬ್ಬಿಯಾಗ ಹನ್ನೆರಡು ಸಜ್ಜಿ ರೊಟ್ಟಿ ಇಟ್ಕೊಂಡು.
ಸಂಘದವರು ಪಾಕೀಟು ಮಾಡ್ತಾರಂತ,
ಪುಣೆ ತನಕ ಹೋಗ್ತಾವಂತ.
"ಚೀಟಿ ಮುಟ್ಟಿದ್ರ
ರೊಟ್ಟಿ ಮುಟ್ಟಿದಂಗ ಆಗಬೇಕವ್ವ" ಅಂದ್ಳು.

ಒಂದು ತಗೊಂಡು ಸ್ಕ್ಯಾನರಿನ ಗಾಜಿನ ಮ್ಯಾಲ ಮಲಗಿಸ್ದೆ.
ಮುಚ್ಚಳ ಹಾಕಿದ್ರ ಕಟ್ ಅಂತ ಮುರೀತು.
ಎರಡನೇದಕ್ಕ ಮುಚ್ಚಳ ಹಾಕಲಿಲ್ಲ.
ಮುರಿದಿದ್ದು ಬಂದೇನವಾಜನ ಕೈಗಿ ಹೋಯ್ತು,
ಅವ ಶೇಂಗಾ ಹಿಂಡಿ ಇಲ್ಲೇನು ಅಂತ ಕೇಳ್ದ.

ಕಂಪ್ಯೂಟರಿನಾಗ ರೊಟ್ಟಿ ಎರಡಾಗ್ತದ.
ಬಣ್ಣದ್ದೊಂದು, ಎತ್ತರದ್ದೊಂದು.
ಎತ್ತರದ್ದರಾಗ ರುಚಿ ಇಲ್ಲ, ಸುಟ್ಟ ಕಲಿ ಇಲ್ಲ;
ಕರಿದು ಅಂದ್ರ ದಿಬ್ಬ, ಬಿಳಿದು ಅಂದ್ರ ಬಯಲು,
ನಡುವಿನ ಬೂದಿ ಎಲ್ಲ ಇಳಿಜಾರು.
ರಾತ್ರಿ ಹನ್ನೊಂದರ ತನಕ ಕುಂತು
ಒಂದೊಂದು ಎಳ್ಳಿಗೂ ಕಪ್ಪು ಬಳದೆ,
ಇನ್ನೂರಾ ನಾಲ್ಕು ಎಳ್ಳು.
ಕೂದಲೆಳಿಯಷ್ಟು ಸರಿದ್ರ ಸಾಕು,
ಎಳ್ಳು ಒಂದು ಕಡಿ, ಅದರ ಉಬ್ಬು ಒಂದು ಕಡಿ,
ಜಗಳಾಡಿದ ಗಂಡ ಹೆಂಡ್ತಿ ಮಲಗಿದಂಗ.

ಬಂದೇನವಾಜ ಮೊಳೆ ಜೋಡಿಸಿದವ.
ಲಗ್ನಪತ್ರದ ಬೆನ್ನು ಸವರಿ
ವರನ ಹೆಸರು ತಿರುಗಾಮುರುಗಾ ಓದ್ತಿದ್ದನಂತ.
"ಆಗ ಅಕ್ಷರ ಕಾಗದಕ್ಕ ನಾಟ್ತಿತ್ತು" ಅಂತಾನ.
ಈ ಮಷೀನು ಒತ್ತಂಗಿಲ್ಲ, ಮುಟ್ಟಂಗೇ ಇಲ್ಲ.
ಮ್ಯಾಲ ನಿಂತು ನೀರಿನಂಥ ವಾರ್ನಿಶ್ ಹನಿಸ್ತದ,
ನೀಲಿ ದೀಪ ತಾಗಿದ ಕೂಡ್ಲೆ ಹನಿ ಕಲ್ಲಾಗ್ತದ.
ಕಲ್ಲಿನ ಮ್ಯಾಲ ಇನ್ನೊಂದು ಹನಿ.
ಇಪ್ಪತ್ತು ಮೈಕ್ರಾನ್. ನಲವತ್ತು.

ಮೊದಲನೇ ಸ್ಯಾಂಪಲ್ಲು
ಸುಗಲಾಬಾಯಿ ಕಣ್ಣು ಮುಚ್ಚಿ ಸವರಿದ್ಲು.
"ಎಳ್ಳು ಛಲೋ ಅದಾವ. ರೊಟ್ಟಿ ಅಲ್ಲ ಇದು,
ಗ್ವಾಡಿಗಿ ಗಿಲಾವು ಹಚ್ಚಿದಂಗ ಅದ.
ಕೈ ನಡುವಿನಿಂದ ಅಂಚಿಗಿ ಹೋಗ್ತದ ಬಡಿತಾ ಬಡಿತಾ,
ಬೆರಳು ಬಿದ್ದಲ್ಲಿ ತಗ್ಗು ಇರ್ತದ.
ಬರೇ ದಿಬ್ಬ ಮಾಡೀದಿ. ತಗ್ಗು ಎಲ್ಲಿ?"

ತಗ್ಗು ಮಾಡ್ಲಾಕ ಮಷೀನಿಗಿ ಬರಂಗಿಲ್ಲ.
ಸುತ್ತ ಏರಿಸಿ, ನಡುವ ಸುಮ್ಮನ ಬಿಡಬೇಕು.
ಎಲ್ಲಿ ಬಿಡಬೇಕು ಅನ್ನೋದು ನನಗ ಗೊತ್ತಿಲ್ಲ.

ಹಿಟ್ಟು ತರಿಸಿದೆ.
ಇಂಕಿನ ಡಬ್ಬಿ ಆಚಿಗಿ ಸರಿಸಿ
ಟೇಬಲ್ಲಿನ ಮ್ಯಾಲೇ ಬಡಿದ್ಲು ಒಂದು, ಹಸಿದು,
ಗಾಜಿಗಿ ಹಿಟ್ಟು ಹತ್ತಿ ಅಣವೀರಪ್ಪ ಸಾಹುಕಾರ ಬೈದ.
ಹಿಗ್ಗಿಸಿ ನೋಡಿದೆ.
ಬೆರಳಿನ ತಗ್ಗು ಅದಾವ, ಸಾಲಾಗಿ,
ಬೆರಳಿನ ಗೆರಿ ಇಲ್ಲ. ಒಂದೂ ಇಲ್ಲ.

"ಎಲ್ಲಿ ಇರ್ತಾವ" ಅಂತ ನಕ್ಕಳು,
"ನಲವತ್ತು ವರ್ಷ ಹಿಟ್ಟಿಗೇ ಹೋಗ್ಯಾವ.
ರೇಷನ್ ಅಂಗಡಿ ಮಷೀನು ಹೆಬ್ಬಟ್ಟಿಟ್ರ
ಕೆಂಪು ತೋರಿಸ್ತದ, ನೀ ಸುಗಲಾಬಾಯಿ ಅಲ್ಲ ಅಂತದ.
ಮೊಮ್ಮಗನ್ನ ಕರ್ಕೊಂಡು ಹೋಗ್ತೀನಿ,
ಅವನ ಬೆರಳಿಗಿ ಜ್ವಾಳ ಕೊಡ್ತಾರ."

ನನಗ ಮಾತು ಬರಲಿಲ್ಲ,
ಎಂಬತ್ತಕ್ಕ ಏರಿಸಿದೆ.

ಐದು ಸಾವಿರ ಚೀಟಿ. ಎರಡು ಸಲ ಕರೆಂಟ್ ಹೋಯ್ತು.
ಎಲ್ಲದರಾಗೂ ಆಕಿ ನಾಲ್ಕು ಬೆರಳು,
ಎಳ್ಳಿನ ನಡುವ, ವಾರ್ನಿಶ್ ಬೀಳದ ಜಾಗದಾಗ.
ಪುಣೆದಾಗ ಯಾರರ ಪಾಕೀಟು ಹರಿಯೋಕಿಂತ ಮೊದಲ
ಹೆಬ್ಬಟ್ಟು ಅಲ್ಲಿ ಜರಾ ನಿಂದರಬಹುದು.
ನಿಂದರದೇ ಇರಬಹುದು, ಹಸದವರು ಎಲ್ಲಿ ಸವರ್ತಾರ.

ಚೀಟಿ ಕತ್ತರಿಸಿ ತೆಗೆದ ಮ್ಯಾಲ
ಉಳಿದಿದ್ದು ಉದ್ದಕ ಜಾಳಗಿ, ಬರೇ ಗುಂಡನ ತೂತು,
ಅಂಟು ಹಂಗೇ ಅದ. ಮೂಲ್ಯಾಗ ಸುತ್ತಿ ಇಟ್ಟಿದ್ದೆ.
"ಅದು ಒಗಿತೀ ಏನು? ನನಗ ಕೊಡು" ಅಂದ್ಳು.
ಎದಕ್ಕ ಅಂದೆ.
"ರೊಟ್ಟಿ ಬುಟ್ಟಿ ಸುತ್ತ ಹಾಸ್ತೀನಿ,
ಇರುವಿ ದಾಟಂಗಿಲ್ಲ."